ತೀರ್ಥದ ಬಾಟಲಿ, ಫಿಟ್ಸಿನ ಗುಳಿಗೆ

ಸುರಪುರ ತಾಲ್ಲೂಕಿನ ಒಂದು ಮನೆ. ದನದ ಕೊಟ್ಟಿಗೆಯಲ್ಲಿ, ಗೋದಲಿಯ ಮೇಲಿನ ಜಂತಿಗೆ ಅರ್ಧ ಲೀಟರಿನ ಹಳೆಯ ಪ್ಲಾಸ್ಟಿಕ್ ಬಾಟಲಿ ಕಟ್ಟಿದ್ದರು. ಮುಚ್ಚಳಕ್ಕೆ ಕೆಂಪು ದಾರ, ದಾರದಲ್ಲಿ ಒಣಗಿದ ಲಿಂಬೆಹಣ್ಣು, ಅದರ ಪಕ್ಕ ಪುಟ್ಟದೊಂದು ಅಲ್ಯೂಮಿನಿಯಂ ಶಿಲುಬೆ. ಒಳಗಿದ್ದದ್ದು ಪಾಸ್ಕ (ಈಸ್ಟರ್) ಹಬ್ಬದ ರಾತ್ರಿ ಚರ್ಚಿನಿಂದ ತಂದ ತೀರ್ಥ. ಎಮ್ಮೆಗೆ ದೃಷ್ಟಿ ತಾಕಬಾರದು, ಹಾಲು ಬತ್ತಬಾರದು ಎಂದು ಕಟ್ಟಿದ್ದಂತೆ. ಆ ಮನೆಯವರು ಕಥೋಲಿಕರು, ನಮ್ಮವರೇ. ಅವರನ್ನು ಬಯ್ಯಲು ನಮಗೆ ಬಾಯಿ ಬರಲಿಲ್ಲ. ನಾವು ಚಿಕ್ಕವರಿದ್ದಾಗ ನಮ್ಮ ಮನೆಯ ತಲಬಾಗಿಲಿಗೂ ಅಂಥದೇ ಬಾಟಲಿ ತೂಗುತ್ತಿತ್ತು.

ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಕಥೋಲಿಕರ ಸಂಖ್ಯೆ ಸಣ್ಣದು. ಕಲಬುರಗಿಗೆ ಪ್ರತ್ಯೇಕ ಧರ್ಮಪ್ರಾಂತ್ಯ ಸಿಕ್ಕಿದ್ದೇ 2005ರಲ್ಲಿ. ರಾಬರ್ಟ್ ಮೈಕಲ್ ಮಿರಾಂದಾ ಅದರ ಮೊದಲ ಧರ್ಮಾಧ್ಯಕ್ಷರು. ಜನ ಕಡಿಮೆ ಇದ್ದಲ್ಲಿ ಪರಿಚಯ ಕಡಿಮೆ. ಪರಿಚಯ ಕಡಿಮೆ ಇದ್ದಲ್ಲಿ ಗಾಳಿಮಾತು ಹೆಚ್ಚು. ಬಸ್ಸಿನಲ್ಲಿ, ಸಂತೆಯಲ್ಲಿ, ಹತ್ತಿ ಬಿಡಿಸುವ ಹೊಲದಲ್ಲಿ ಕೇಳಿದ ಮಾತುಗಳನ್ನೇ ಮತ್ತೆ ಮತ್ತೆ ಕೇಳಿ ಬೇಸತ್ತಿದ್ದೇವೆ, ನಿಜ. ಆದರೆ ಆ ಮಾತುಗಳಲ್ಲಿ ಅರ್ಧದಷ್ಟನ್ನು ಒಂದು ಕಾಲಕ್ಕೆ ನಾವೂ ನಂಬಿದ್ದವರು. ಆದ್ದರಿಂದ ಒಂದೊಂದಾಗಿ ಉತ್ತರ ಹೇಳುವುದು ನಮ್ಮ ಮೇಲಿನ ಋಣ.

ತಪ್ಪು ಕಲ್ಪನೆ: ಶಿಲುಬೆ ಇರುವ ಕಟ್ಟಡವೆಲ್ಲ ಒಂದೇ ಚರ್ಚು, ಫಾದರ್ ಅಂದರೂ ಪಾಸ್ಟರ್ ಅಂದರೂ ಒಂದೇ.

ವಾಸ್ತವ: ಯಾದಗಿರಿಯಲ್ಲಿ ಕ್ರೈಸ್ತರು ಎಂದಾಗ ಊರವರಿಗೆ ಮೊದಲು ನೆನಪಾಗುವುದು ಮೆಥಡಿಸ್ಟ್ ಸಭೆ. ಅದು 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ವೆಸ್ಲಿಯಿಂದ ಶುರುವಾದ ಪ್ರೊಟೆಸ್ಟಂಟ್ ಪರಂಪರೆ. ಮನೆಯಲ್ಲೋ ಶೆಡ್ಡಿನಲ್ಲೋ ಕೂಡುವ ಪೆಂಟಕೋಸ್ಟಲ್ ಸಭೆಗಳು ಮತ್ತೊಂದು ಬಗೆ. ಕಥೋಲಿಕ ಧರ್ಮಸಭೆ ಇನ್ನೊಂದು. ಇಲ್ಲಿ ಬಲಿಪೂಜೆಯೇ (ಮಾಸ್) ಆರಾಧನೆಯ ನಡುಗಂಬ, ಸಂಸ್ಕಾರಗಳು ಏಳು, ಫಾದರ್ ಮದುವೆಯಾಗುವುದಿಲ್ಲ, ಅವರ ಮೇಲೆ ಧರ್ಮಾಧ್ಯಕ್ಷರು, ಧರ್ಮಾಧ್ಯಕ್ಷರೆಲ್ಲರೂ ರೋಮಿನ ಪೋಪರ ಒಡನಾಟದಲ್ಲಿ. ಪಾಸ್ಟರಿಗೆ ಸಂಸಾರ ಇರಬಹುದು. ಅದು ಅವರ ಪರಂಪರೆಯಲ್ಲಿ ತಪ್ಪಲ್ಲ. ಬೇರೆ ಬೇರೆ ಅಂದರೆ ವೈರಿಗಳು ಅಂತಲೂ ಅಲ್ಲ. ಮೆಥಡಿಸ್ಟ್ ಸಭೆಯಲ್ಲಿ ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ಆದ ಜ್ಞಾನಸ್ನಾನವನ್ನು ಕಥೋಲಿಕರು ಒಪ್ಪುತ್ತಾರೆ. ಅಲ್ಲಿಂದ ಇಲ್ಲಿಗೆ ಬಂದವರಿಗೆ ಎರಡನೇ ಸಲ ಜ್ಞಾನಸ್ನಾನ ಕೊಡುವುದಿಲ್ಲ. ಯಾವುದೋ ಸಭೆಯಲ್ಲಿ ಏನೋ ನಡೆದರೆ ಅದನ್ನು ಎಲ್ಲರ ತಲೆಗೂ ಕಟ್ಟುವ ಮುಂಚೆ ಇಷ್ಟು ತಿಳಿದಿರುವುದು ನ್ಯಾಯ.

ತಪ್ಪು ಕಲ್ಪನೆ: ಈ ಧರ್ಮ ಬ್ರಿಟಿಷರ ಜೊತೆ ಬಂತು, ಅವರ ಜೊತೆಗೇ ಹೋಗಬೇಕಿತ್ತು.

ವಾಸ್ತವ: ಸುರಪುರದಿಂದ ಹೊರಟು ಕೃಷ್ಣೆ ದಾಟಿ ಲಿಂಗಸುಗೂರಿನ ದಾರಿ ಹಿಡಿದರೆ ಮುಂದೆ ಮುದಗಲ್ಲು ಸಿಗುತ್ತದೆ. ಕೋಟೆಯ ಊರು. ಅಲ್ಲಿನ ಹಳೆಯ ಕಥೋಲಿಕ ಚರ್ಚನ್ನು ಗೋವೆಯಿಂದ ಬಂದ ಜೆಸ್ಯೂಟರು 1557ಕ್ಕೂ ಮುಂಚೆ ಕಟ್ಟಿದರೆಂದು ಹಳೆಯ ಗೆಜೆಟಿಯರಿನಲ್ಲಿದೆ. ಆಗ ಮುದಗಲ್ಲಿನ ಸುತ್ತ ವಿಜಯನಗರದವರೂ ಬಿಜಾಪುರದ ಆದಿಲಶಾಹಿಗಳೂ ಕಾದಾಡುತ್ತಿದ್ದರು. ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ ಇನ್ನೂ ಹುಟ್ಟಿರಲಿಲ್ಲ, ಅದು ಹುಟ್ಟಿದ್ದು 1600ರಲ್ಲಿ. ಮುದಗಲ್ಲಿನ ಕ್ರೈಸ್ತ ಮನೆತನಗಳು ಕನ್ನಡದಲ್ಲೇ ಪ್ರಾರ್ಥಿಸುತ್ತ ಬಂದಿವೆ.

ಸುರಪುರದಲ್ಲಿ ಟೇಲರ್ ಮಂಜಿಲ್ ತೋರಿಸಿ, ಅಲ್ಲಿದ್ದ ಸಾಹೇಬನೇ ಧರ್ಮ ತಂದ ಎನ್ನುವವರೂ ಇದ್ದಾರೆ. ಮೆಡೋಸ್ ಟೇಲರ್ 1840ರ ದಶಕದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ ಅಧಿಕಾರಿ. ಬಾಲಕ ರಾಜಾ ವೆಂಕಟಪ್ಪ ನಾಯಕರು ಅವನನ್ನು ಅಪ್ಪ ಎಂದು ಕರೆಯುತ್ತಿದ್ದರೆಂಬುದು ಊರಿಗೆಲ್ಲ ಗೊತ್ತಿರುವ ಕಥೆ. ಅವನು ಪಾದ್ರಿಯಾಗಿರಲಿಲ್ಲ. 1858ರಲ್ಲಿ ಅದೇ ರಾಜರು ಬ್ರಿಟಿಷರ ವಿರುದ್ಧ ಎದ್ದು ಸೋತ ಮೇಲೆ ಸಂಸ್ಥಾನ ಹೋದದ್ದು ನಿಜಾಮರ ಕೈಗೆ. 1948ರವರೆಗೆ ಈ ನೆಲವನ್ನು ಆಳಿದ್ದು ಹೈದರಾಬಾದು.

ತಪ್ಪು ಕಲ್ಪನೆ: ದುಡ್ಡು ಕೊಟ್ಟು ಸೇರಿಸಿಕೊಳ್ಳುತ್ತಾರೆ, ತಲೆಯ ಮೇಲೆ ನೀರು ಬಿದ್ದರೆ ಸಾಕು, ಮನುಷ್ಯ ಅವರವನಾದ.

ವಾಸ್ತವ: ನೀರು ಬಿದ್ದ ಮಾತ್ರಕ್ಕೆ ಯಾರೂ ಕಥೋಲಿಕರಾಗುವುದಿಲ್ಲ. ವಯಸ್ಕರಿಗೆ ಜ್ಞಾನಸ್ನಾನ ಕೊಡಬೇಕಾದರೆ ಮೂರು ಸಂಗತಿ ಬೇಕು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ: ಅವರೇ ಬಾಯಿಬಿಟ್ಟು ಬೇಕೆಂದಿರಬೇಕು, ವಿಶ್ವಾಸದ ಪಾಠ ಕಲಿತಿರಬೇಕು, ಆ ಬದುಕಿನಲ್ಲಿ ಕೆಲಕಾಲ ನಡೆದು ತೋರಿಸಿರಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒತ್ತಾಯದಿಂದ ಬಂದ ವಿಶ್ವಾಸ ವಿಶ್ವಾಸವೇ ಅಲ್ಲ ಎಂಬುದು ಎರಡನೇ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯ ತಿರುಳು. ಅದೇ ದಿನ ಹೊರಬಂದ ಇನ್ನೊಂದು ದಾಖಲೆ, ಬಲವಂತದಿಂದಾಗಲಿ ಆಮಿಷದಿಂದಾಗಲಿ ಯಾರನ್ನೂ ಸೆಳೆಯಕೂಡದು ಎಂದು ನೇರವಾಗಿ ನಿಷೇಧಿಸಿತು. ಯಾವನಾದರೂ ಒಬ್ಬ ಹಾಗೆ ಮಾಡಿದರೆ ಅವನು ಧರ್ಮಸಭೆಯ ಮಾತನ್ನೇ ಮುರಿದ ಹಾಗೆ.

ಇನ್ನು ಲಾಭದ ಲೆಕ್ಕ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಇವತ್ತಿಗೂ ಸೇರಿಲ್ಲ. ಪರಿಶಿಷ್ಟ ಜಾತಿಯ ಮನೆಯೊಂದು ಕ್ರೈಸ್ತವಾದರೆ ಆ ಮೀಸಲಾತಿ ಕೈಬಿಡುತ್ತದೆ. ಕರ್ನಾಟಕದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ-1ಕ್ಕೆ ಹೋಗುತ್ತಾರೆ. ಮಗನ ನೌಕರಿ, ಮಗಳ ಹಾಸ್ಟೆಲು, ಪಂಚಾಯಿತಿಯ ಮೀಸಲು ಸ್ಥಾನ ಎಲ್ಲ ಲೆಕ್ಕ ಹಾಕಿ ನೋಡಿ. ನಷ್ಟದ ಬಾಬತ್ತೇ ದೊಡ್ಡದು. ಆದರೂ ಬಂದವರು ಯಾವುದನ್ನು ಹುಡುಕಿ ಬಂದರು ಎಂದು ಕೇಳುವುದು ನಿಜವಾದ ಪ್ರಶ್ನೆ.

ತಪ್ಪು ಕಲ್ಪನೆ: ಚರ್ಚಿಗೆ ಹೋದರೆ ಹೆಸರು ಬಿಡಬೇಕು, ಬಳೆ ಒಡೆಯಬೇಕು, ತಾಳಿ ಬಿಚ್ಚಬೇಕು.

ವಾಸ್ತವ: ನಾಗಮ್ಮ ಫಿಲೋಮಿನಾ ಆಗಲೇಬೇಕೆಂಬ ನಿಯಮ ಇಲ್ಲ. ಇಡುವ ಹೆಸರು ಕ್ರೈಸ್ತ ಭಾವನೆಗೆ ಹೊರತಾಗಿರಬಾರದು ಎಂದಷ್ಟೇ ಸಂಹಿತೆ ಕೇಳುತ್ತದೆ. ಶಾಂತಪ್ಪ, ಜ್ಯೋತಿ, ಆನಂದ ಎಂಬ ಹೆಸರಿನಲ್ಲಿ ಯಾವ ಅಡ್ಡಿಯೂ ಇಲ್ಲ. ತಾಳಿಯನ್ನು ಫಾದರ್ ಆಶೀರ್ವದಿಸಿ ಕೊಡುವುದು, ವರ ಕಟ್ಟುವುದು ದಕ್ಷಿಣ ಭಾರತದ ಕಥೋಲಿಕ ಮದುವೆಗಳಲ್ಲಿ ಸಾಮಾನ್ಯ. 1969ರಲ್ಲಿ ಭಾರತದ ಧರ್ಮಾಧ್ಯಕ್ಷರು ಕಳಿಸಿದ ಹನ್ನೆರಡು ಮಾರ್ಪಾಡುಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ನೆಲದ ಮೇಲೆ ಕೂರುವುದು, ಕೈಜೋಡಿಸಿ ನಮಸ್ಕರಿಸುವುದು, ಪಂಚಾಂಗ ಪ್ರಣಾಮ, ಎಣ್ಣೆಯ ದೀಪ, ಹೂವು, ಆರತಿ ಎಲ್ಲ ಆ ಪಟ್ಟಿಯಲ್ಲಿವೆ. ಚಪ್ಪಲಿ ಹೊರಗೆ ಬಿಟ್ಟು ಜಮಖಾನೆಯ ಮೇಲೆ ಕೂತು ಕನ್ನಡದಲ್ಲಿ ಬಲಿಪೂಜೆ ಆಲಿಸುವ ನಮ್ಮ ಹಳ್ಳಿಯ ಅಜ್ಜಿ ಧರ್ಮಸಭೆಯ ನಿಯಮದ ಪ್ರಕಾರವೇ ಕೂತಿದ್ದಾಳೆ. ಯಾರೋ ಬಳೆ ಒಡೆಸಿದ್ದರೆ ಅದು ಆ ವ್ಯಕ್ತಿಯ ತಪ್ಪು.

ತಪ್ಪು ಕಲ್ಪನೆ: ಅವರೂ ಮೂರ್ತಿಪೂಜೆಯವರೇ, ಮರಿಯಮ್ಮ ಅವರ ದೇವತೆ.

ವಾಸ್ತವ: ಈ ಮಾತನ್ನು ಎರಡು ಕಡೆಯಿಂದ ಕೇಳುತ್ತೇವೆ. ಒಂದು ಕಡೆಯವರು ಸ್ನೇಹದಿಂದ ಹೇಳುತ್ತಾರೆ, ಇನ್ನೊಂದು ಕಡೆಯವರು ಆಪಾದನೆಯಾಗಿ. ಇಬ್ಬರಿಗೂ ಉತ್ತರ ಒಂದೇ. 787ರಲ್ಲಿ ನಡೆದ ಎರಡನೇ ನೈಸಿಯಾ ಮಹಾಸಭೆ ಗೆರೆ ಎಳೆದಿಟ್ಟಿತು: ಆರಾಧನೆ ದೇವರೊಬ್ಬರಿಗೇ, ಸ್ವರೂಪಗಳಿಗೆ ಸಲ್ಲುವುದು ಗೌರವ, ಆ ಗೌರವ ಕೂಡ ಸ್ವರೂಪದಲ್ಲಿ ಕಾಣುವ ವ್ಯಕ್ತಿಗೆ. ಮಾತೆ ಮರಿಯ ಯೇಸುವಿನ ತಾಯಿ, ಮನುಷ್ಯಳು, ದೇವತೆಯಲ್ಲ. ಜಪಸರ ಹಿಡಿದವರು ಆಕೆಯನ್ನು ಕೇಳಿಕೊಳ್ಳುವುದು ನಮಗಾಗಿ ಪ್ರಾರ್ಥಿಸು ಎಂದು. ಸಂತರ ವಿಷಯವೂ ಹೀಗೆಯೇ. ಮೈಸೂರು ಕಡೆಯ ದೋರನಹಳ್ಳಿಯ ಸಂತ ಅಂತೋನಿಯವರ ಗುಡಿಗೆ ಎಲ್ಲ ಜಾತಿ ಧರ್ಮದವರೂ ಹರಕೆ ಹೊತ್ತು ಹೋಗುತ್ತಾರೆ. ನಮ್ಮ ಶಹಾಪುರ ತಾಲ್ಲೂಕಿನಲ್ಲೂ ಒಂದು ದೋರನಹಳ್ಳಿ ಇರುವುದರಿಂದ ಅಂತೋನಿಯವರು ನಮ್ಮೂರ ಹತ್ತಿರವೇ ಇದ್ದಾರೆಂದು ನಾವು ಬಹುಕಾಲ ನಂಬಿದ್ದೆವು. ಹರಕೆ ಹೊರುವವರಿಗೆ ಒಂದು ಮಾತು: ಸಂತರಿಗೆ ಲಂಚ ಬೇಕಿಲ್ಲ. ಇಷ್ಟು ಮೇಣದಬತ್ತಿಗೆ ಇಂಥ ಕೆಲಸ ಎಂಬ ಲೆಕ್ಕ ಧರ್ಮಸಭೆಯ ಬೋಧನೆಯಲ್ಲಿ ಎಲ್ಲೂ ಇಲ್ಲ.

ತಪ್ಪು ಕಲ್ಪನೆ: ತೀರ್ಥ, ಪ್ರಾರ್ಥನೆಯ ಎಣ್ಣೆ, ಶಿಲುಬೆ ಇದ್ದರೆ ಭಾನಾಮತಿ ತಟ್ಟುವುದಿಲ್ಲ, ನಿಜವಾದ ವಿಶ್ವಾಸ ಇದ್ದವರಿಗೆ ಔಷಧ ಬೇಕಿಲ್ಲ.

ವಾಸ್ತವ: ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ನಂಬಿಕೆ ಜೀವ ತೆಗೆಯುತ್ತದೆ.

ಕಲಬುರಗಿ, ಬೀದರ, ಯಾದಗಿರಿ ಭಾಗದಲ್ಲಿ ಹುಟ್ಟಿದವರಿಗೆ ಭಾನಾಮತಿ ಏನೆಂದು ವಿವರಿಸಬೇಕಿಲ್ಲ. ಮನೆಯ ಮೇಲೆ ಕಲ್ಲು ಬೀಳುವುದು, ಮಡಚಿಟ್ಟ ಸೀರೆಗೆ ಬೆಂಕಿ ಹತ್ತುವುದು, ಹೆಂಗಸರು ನಾಯಿಯ ಹಾಗೆ ಕೂಗುವುದು, ಮೈಮೇಲೆ ಗಾಯದ ಗೆರೆ ಮೂಡುವುದು. ನೋಡಿದವರಿಗೆ ಭಯ ಆಗುವುದು ಸಹಜ. ನಮಗೂ ಆಗಿದೆ. ನಿಮ್ಹಾನ್ಸಿನಲ್ಲಿದ್ದ ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರಂಥವರು ಇದನ್ನು ಅಧ್ಯಯನ ಮಾಡಿ ಕನ್ನಡಿಗರಿಗೆ ತಿಳಿಸಿ ಹೇಳಿದ್ದಾರೆ. ಬಾಯಿಬಿಟ್ಟು ಹೇಳಲಾಗದ ಸಂಕಟ, ಮನೆಯ ಜಗಳ, ಮನಸ್ಸಿನ ಒತ್ತಡ ಮೈಯ ಮೂಲಕ ಹೊರಬರುವ ರೀತಿ ಅದು. ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಹರಡುವುದೂ ಉಂಟು. ಕೆಲವು ಸಲ ಮನುಷ್ಯರ ಕೈಚಳಕವೂ ಇರುತ್ತದೆ. ಮಾಟಗಾತಿ ಎಂದು ಹೆಸರು ಬಿದ್ದ ಹೆಂಗಸಿಗೆ ಏಟು ಬೀಳುವುದು ಮಾತ್ರ ಪ್ರತಿ ಸಲವೂ ನಿಜ. ಮಾಟಮಂತ್ರದ ಹೆಸರಿನ ಕ್ರೌರ್ಯ ತಡೆಯಲು ಕರ್ನಾಟಕ 2017ರಲ್ಲಿ ಕಾನೂನು ಮಾಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಧರ್ಮಸಭೆ ಏನು ಹೇಳುತ್ತದೆ? 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥ ಮಾಟ, ಮಂತ್ರ, ತಾಯಿತ, ಭವಿಷ್ಯ ಕೇಳುವುದು ಇವೆಲ್ಲವನ್ನೂ ತಳ್ಳಿಹಾಕುತ್ತದೆ, ರೋಗ ವಾಸಿ ಮಾಡಲೆಂದು ಮಾಡಿದರೂ ಸರಿಯೇ. ತೀರ್ಥವೂ ಶಿಲುಬೆಯೂ ಜ್ಞಾನಸ್ನಾನವನ್ನು ನೆನಪಿಸುವ, ದೇವರ ಕಡೆ ಮನಸ್ಸು ತಿರುಗಿಸುವ ಗುರುತುಗಳು. ಅವು ತಮ್ಮಷ್ಟಕ್ಕೆ ಕೆಲಸ ಮಾಡುವ ಶಕ್ತಿ ಎಂದುಕೊಂಡರೆ ಅದು ಅಂಧಶ್ರದ್ಧೆ ಎಂದು ಅದೇ ಗ್ರಂಥ ಎಚ್ಚರಿಸುತ್ತದೆ. ಜಂತಿಗೆ ಕಟ್ಟಿದ ಬಾಟಲಿ ಲಿಂಬೆಹಣ್ಣಿನ ಜೊತೆ ಸೇರಿ ಲಿಂಬೆಹಣ್ಣಿನ ಕೆಲಸಕ್ಕೇ ಇಳಿದಿತ್ತು. ಸೈತಾನ ಇದ್ದಾನೆ ಎಂದು ಧರ್ಮಸಭೆ ನಂಬುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ದೆವ್ವ ಬಿಡಿಸುವ ವಿಧಿಗೆ ಕಟ್ಟುನಿಟ್ಟು ಹಾಕಿದೆ. ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿ ಪಡೆದ ಯಾಜಕನ ಹೊರತು ಯಾರೂ ಅದನ್ನು ಮಾಡಕೂಡದು. ಅದಕ್ಕೂ ಮೊದಲು ಇದು ಕಾಯಿಲೆಯೇ ಎಂದು ನೋಡಿಕೊಳ್ಳಬೇಕು. ಕಾಯಿಲೆಯಾದರೆ ಅದು ವೈದ್ಯರ ಕೆಲಸ. ಮೈಕು ಹಚ್ಚಿ, ನೂರಾರು ಜನರ ಮುಂದೆ ಹೆಣ್ಣುಮಗಳ ಕೂದಲು ಹಿಡಿದು ಅಲುಗಾಡಿಸುವುದಕ್ಕೂ ಕಥೋಲಿಕ ವಿಧಿಗೂ ಸಂಬಂಧವಿಲ್ಲ.

ನಮ್ಮ ಓಣಿಯ ಒಬ್ಬ ತಾಯಿಯ ಮಗನಿಗೆ ಫಿಟ್ಸ್ ಇತ್ತು. ಎಂಟು ವರ್ಷದ ಹುಡುಗ. ಸರ್ಕಾರಿ ದವಾಖಾನೆಯ ಗುಳಿಗೆಯಿಂದ ವರ್ಷದಿಂದ ಆರಾಮಾಗಿದ್ದ. ಒಂದು ಪ್ರಾರ್ಥನಾ ಕೂಟದಲ್ಲಿ ಗುಳಿಗೆ ತಿನ್ನುವುದು ಅವಿಶ್ವಾಸದ ಗುರುತು ಎಂದು ಯಾರೋ ಹೇಳಿದರು. ಆಕೆ ನಿಲ್ಲಿಸಿದಳು. ಹತ್ತನೇ ದಿನವೋ ಹನ್ನೊಂದನೇ ದಿನವೋ ಹುಡುಗ ರೊಟ್ಟಿಯ ಒಲೆಯ ಹತ್ತಿರ ಕೂತಿದ್ದಾಗ ಫಿಟ್ಸ್ ಬಂತು. ಬಲಗೈ ಒಲೆಯೊಳಗೆ ಹೋಯಿತು. ಸುಟ್ಟ ಅಂಗೈಯ ಮೂರು ಬೆರಳು ಈಗಲೂ ಪೂರ್ತಿ ಬಿಚ್ಚುವುದಿಲ್ಲ. ಪೆನ್ಸಿಲ್ಲನ್ನು ಎಡಗೈಯಲ್ಲಿ ಹಿಡಿಯುತ್ತಾನೆ. ಮುಂದೆ ಆಕೆಯನ್ನು ನೋಡಲು ಬಂದ ಒಬ್ಬ ಸಿಸ್ಟರ್ ಗುಳಿಗೆಯ ಪಟ್ಟಿಯನ್ನು ಆಕೆಯ ಕೈಗಿಟ್ಟು ಹೇಳಿದ್ದು ನಮಗೆ ನೆನಪಿದೆ: “ಯವ್ವಾ, ಗುಳಿಗಿ ನಿಲ್ಲಸಬ್ಯಾಡ. ಪ್ರಾರ್ಥನಾನೂ ಬಿಡಬ್ಯಾಡ. ಎರಡೂ ದೇವರು ಕೊಟ್ಟಿದ್ದೇ.” ಅದು ಆ ಸಿಸ್ಟರಿನ ಸ್ವಂತ ಮಾತಲ್ಲ. ಕಥೋಲಿಕ ಬೈಬಲ್ಲಿನ ಸಿರಾಕನ ಗ್ರಂಥದ 38ನೇ ಅಧ್ಯಾಯ ವೈದ್ಯನನ್ನು ಗೌರವಿಸಬೇಕೆನ್ನುತ್ತದೆ. ಅವನನ್ನು ಸೃಷ್ಟಿಸಿದವರೂ, ಮಣ್ಣಿನಿಂದ ಔಷಧ ಹುಟ್ಟಿಸಿದವರೂ ದೇವರೇ ಎಂದು ಕಾರಣವನ್ನೂ ಕೊಡುತ್ತದೆ.

ತಪ್ಪು ಕಲ್ಪನೆ: ಫಾದರ್ ಬಂದು ಹಣೆಗೆ ಎಣ್ಣೆ ಹಚ್ಚಿದರೆ ಆ ಮನುಷ್ಯ ಉಳಿಯುವುದಿಲ್ಲ.

ವಾಸ್ತವ: ಇದರಿಂದಾಗಿಯೇ ನಮ್ಮ ಜನ ಫಾದರಿಗೆ ಹೇಳಿಕಳಿಸುವುದು ರೋಗಿಗೆ ಪ್ರಜ್ಞೆ ತಪ್ಪಿದ ಮೇಲೆ. ವ್ಯಾಧಿಸ್ಥರ ಅಭಿಷೇಕ ಸಾವಿನ ಮುದ್ರೆಯಲ್ಲ. ಗಂಭೀರ ಕಾಯಿಲೆಯ ಆರಂಭದಲ್ಲೇ, ದೊಡ್ಡ ಆಪರೇಷನ್ನಿಗೆ ಮುಂಚೆ, ವಯಸ್ಸಾಗಿ ನಿತ್ರಾಣರಾದವರಿಗೆ ಕೊಡುವ ಸಂಸ್ಕಾರ ಅದು. ಮತ್ತೆ ಕಾಯಿಲೆ ಬಂದರೆ ಮತ್ತೆ ಪಡೆಯಬಹುದು. ಬೇಗ ಕರೆಯಿರಿ.

ತಪ್ಪು ಕಲ್ಪನೆ: ಏನು ಬೇಕಾದರೂ ಮಾಡಿ, ಶನಿವಾರ ಫಾದರ್ ಕಿವಿಯಲ್ಲಿ ಹೇಳಿದರೆ ಎಲ್ಲ ತೊಳೆದುಹೋಗುತ್ತದೆ.

ವಾಸ್ತವ: ಪಾಪನಿವೇದನೆಯಲ್ಲಿ ಹೇಳುವುದು ಒಂದು ಭಾಗ. ಮನಸ್ಸಿನೊಳಗೆ ಪಶ್ಚಾತ್ತಾಪ ಬೇಕು, ಇನ್ನು ಮಾಡುವುದಿಲ್ಲ ಎಂಬ ನಿರ್ಧಾರ ಬೇಕು, ಆದ ಹಾನಿಯನ್ನು ಕೈಲಾದಷ್ಟು ತುಂಬಿಕೊಡಬೇಕು. ಇವಿಲ್ಲದಿದ್ದರೆ ಕ್ಷಮೆಯ ಮಾತು ಗಾಳಿಗೆ ಹೋದ ಹಾಗೆ. ಯಾದಗಿರಿಯ ಬಜಾರಿನಲ್ಲಿ ತೊಗರಿ ತೂಗುವಾಗ ಚೀಲಕ್ಕೆ ಎರಡು ಕಿಲೋ ಹೊಡೆದವನು ಪಾಪನಿವೇದನೆಗೆ ಬಂದನೆನ್ನಿ. ಅವನಿಗೆ ಹತ್ತು ಜಪದ ಪ್ರಾಯಶ್ಚಿತ್ತ ಕೊಟ್ಟರೆ ಲೆಕ್ಕ ಮುಗಿಯುವುದಿಲ್ಲ. ಎರಡು ಕಿಲೋ ತೊಗರಿಯ ದುಡ್ಡು ರೈತನಿಗೆ ವಾಪಸು ಹೋಗಬೇಕು. ಲೂಕನ ಶುಭಸಂದೇಶದಲ್ಲಿ ಸುಂಕದ ಜಕ್ಕಾಯ ಮೋಸ ಮಾಡಿ ತೆಗೆದುಕೊಂಡದ್ದನ್ನು ನಾಲ್ಕು ಪಟ್ಟು ತಿರುಗಿಸುತ್ತೇನೆ ಎನ್ನುತ್ತಾನೆ. ಅಳತೆ ಅದು.

ಫಾದರ್ ಹೊರಗೆ ಹೇಳಿಬಿಡುತ್ತಾರೆ ಎಂಬ ಭಯವೂ ಇದೆ. ಕೇಳಿದ್ದನ್ನು ಬಾಯಿಬಿಟ್ಟ ಯಾಜಕ ಆ ಕ್ಷಣಕ್ಕೇ ಧರ್ಮಸಭೆಯಿಂದ ಬಹಿಷ್ಕೃತನಾಗುತ್ತಾನೆ. ಕೊಲೆಯ ವಿಷಯವಿದ್ದರೂ ಬಿಡುವಿಲ್ಲ.

ತಪ್ಪು ಕಲ್ಪನೆ: ಪೋಪ್ ಹೇಳಿದ್ದೆಲ್ಲ ದೇವರ ಮಾತು, ಅವರು ತಪ್ಪುವುದೇ ಇಲ್ಲ.

ವಾಸ್ತವ: 1870ರ ಮೊದಲನೇ ವ್ಯಾಟಿಕನ್ ಮಹಾಸಭೆ ಹೇಳಿದ್ದು ಬಹಳ ಇಕ್ಕಟ್ಟಾದ ಮಾತು. ಇಡೀ ಧರ್ಮಸಭೆಗೆ ವಿಶ್ವಾಸದ ಅಥವಾ ನೀತಿಯ ವಿಷಯದಲ್ಲಿ ಇದು ಅಂತಿಮ ಎಂದು ಪೋಪ್ ವಿಧಿಪೂರ್ವಕ ಸಾರಿದಾಗ ಮಾತ್ರ ಅದು ತಪ್ಪಿಲ್ಲದ್ದು. ಆಮೇಲೆ ಹಾಗೆ ಸಾರಿದ್ದು ಒಂದೇ ಸಲ, 1950ರಲ್ಲಿ, ಮಾತೆ ಮರಿಯರ ಸ್ವರ್ಗಾರೋಹಣದ ಬಗ್ಗೆ. ಉಳಿದಂತೆ ಪೋಪರೂ ಪಾಪನಿವೇದನೆ ಮಾಡುವ ಮನುಷ್ಯರೇ.

ತಪ್ಪು ಕಲ್ಪನೆ: ಕಥೋಲಿಕರನ್ನು ಮದುವೆಯಾದರೆ ಧರ್ಮ ಬಿಡಬೇಕು, ಸತ್ತರೆ ಸುಡುವ ಹಾಗಿಲ್ಲ, ಜಾತ್ರೆಗೆ ಕಾಲಿಡುವ ಹಾಗಿಲ್ಲ.

ವಾಸ್ತವ: ಧರ್ಮಾಧ್ಯಕ್ಷರ ಅನುಮತಿ ಪಡೆದು, ಸಂಗಾತಿ ತನ್ನ ಧರ್ಮದಲ್ಲೇ ಇದ್ದು ಚರ್ಚಿನಲ್ಲಿ ಮದುವೆಯಾಗಬಹುದು, ಮಾತು ಕೊಡಬೇಕಾದವರು ಕಥೋಲಿಕ ಕಡೆಯವರು. ದಹನಕ್ಕೆ 1963ರಿಂದ ಅನುಮತಿ ಇದೆ. ಹೂಳುವುದೇ ಮೇಲೆಂದು ಧರ್ಮಸಭೆ ಭಾವಿಸುತ್ತದೆ. ಬೂದಿಯನ್ನು ಹೊಳೆಗೆ ಬಿಡದೆ ಪವಿತ್ರ ಸ್ಥಳದಲ್ಲಿ ಇಡಿ ಎನ್ನುತ್ತದೆ, ಅಷ್ಟೆ. ಜಾತ್ರೆಯ ಮಾತು: ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಹಿಂದೂ ಮುಸ್ಲಿಮರು ಒಟ್ಟಿಗೆ ಸೇರುವುದನ್ನು ನೋಡಿ ಬೆಳೆದವರು ನಾವು. ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು 1965ರ ಅಕ್ಟೋಬರ್ 28ರ ವ್ಯಾಟಿಕನ್ ಘೋಷಣೆ ಸಾರಿತು. ನೆರೆಯವರ ಮನೆಯ ಹೋಳಿಗೆ ಉಂಡರೆ ವಿಶ್ವಾಸ ಕೆಡುವುದಿಲ್ಲ.

ತಪ್ಪು ಕಲ್ಪನೆ: ಚರ್ಚಿನೊಳಗೆ ಜಾತಿ ಇಲ್ಲ.

ವಾಸ್ತವ: ಇದು ನಮ್ಮವರೇ ಹೇಳಿಕೊಂಡು ಬಂದ ಸುಳ್ಳು. ಬೋಧನೆಯಲ್ಲಿ ಇಲ್ಲ, ನಿಜ. ಬಲಿಪೂಜೆಯ ಒಂದೇ ರೊಟ್ಟಿಯಲ್ಲಿ ಪಾಲ್ಗೊಂಡವರಲ್ಲಿ ಮೇಲು ಕೀಳಿಗೆ ಜಾಗವೇ ಇಲ್ಲ. ಆದರೆ ನಡವಳಿಕೆಯಲ್ಲಿ ಇದೆ: ಮದುವೆಯ ಮಾತುಕತೆಯಲ್ಲಿ, ಕೆಲವು ಕಡೆ ಸ್ಮಶಾನದಲ್ಲಿ, ಅಧಿಕಾರದ ಕುರ್ಚಿಯಲ್ಲಿ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣದ ನೀತಿ ಹೊರಡಿಸಿದಾಗ, ಅಸ್ಪೃಶ್ಯತೆ ಧರ್ಮಸಭೆಯೊಳಗೂ ಉಳಿದಿದೆ ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ದೊಡ್ಡದು, ತಿದ್ದಿಕೊಳ್ಳುವುದು ಬಾಕಿ ಇದೆ. ನಮ್ಮ ನೆರೆಯ ಹೈದರಾಬಾದಿನ ಮಹಾಧರ್ಮಾಧ್ಯಕ್ಷ ಆಂಥೊನಿ ಪೂಲ 2022ರ ಆಗಸ್ಟಿನಲ್ಲಿ ಕಾರ್ಡಿನಲ್ ಆದರು, ದಲಿತ ಸಮುದಾಯದ ಮೊದಲ ಭಾರತೀಯ ಕಾರ್ಡಿನಲ್. ಭಾರತಕ್ಕೆ ಕ್ರೈಸ್ತ ಧರ್ಮ ಬಂದು ಎಷ್ಟು ಶತಮಾನವಾಯಿತು ಎಂದು ಎಣಿಸಿದರೆ, ಇದು ಎಷ್ಟು ತಡವಾಯಿತೆಂದು ತಿಳಿಯುತ್ತದೆ.

ತಪ್ಪು ಕಲ್ಪನೆ: ಭಾನುವಾರ ಬಲಿಪೂಜೆಗೆ ಹೋದರೆ ವಾರದ ಧರ್ಮ ಮುಗಿಯಿತು, ಗುಳೆ ಹೋದವರಿಗೆ ಅದೂ ಇಲ್ಲ.

ವಾಸ್ತವ: ಕೂಲಿಯವನ ಪಗಾರ ಹಿಡಿದಿಟ್ಟರೆ ಆ ಪಗಾರವೇ ದೇವರ ಕಿವಿಗೆ ಮೊರೆಯಿಡುತ್ತದೆ ಎಂಬ ಅರ್ಥದ ಮಾತು ಯಾಕೋಬನ ಪತ್ರದಲ್ಲಿದೆ. ಧರ್ಮೋಪದೇಶ ಗ್ರಂಥ ಇದನ್ನು ಕೊಲೆಯ ಸಾಲಿನಲ್ಲೇ ಇಟ್ಟು, ಸ್ವರ್ಗಕ್ಕೆ ಕೂಗುವ ಪಾಪ ಎನ್ನುತ್ತದೆ. 1891ರಲ್ಲೇ ಹದಿಮೂರನೇ ಲಿಯೋ ಪೋಪರು ಕಾರ್ಮಿಕರ ನ್ಯಾಯದ ಕೂಲಿಗಾಗಿ ವಿಶ್ವಪತ್ರ ಬರೆದರು. ಹೀಗಿರುವಾಗ ಸೋಮವಾರ ಹತ್ತಿ ಬಿಡಿಸುವ ಹೆಣ್ಣಾಳಿಗೆ ಕೂಲಿ ಕೊಡದೆ ಸತಾಯಿಸುವವನ ಭಾನುವಾರ ಎಂಥದ್ದು?

ಗುಳೆಯ ಮಾತನ್ನು ನಮ್ಮ ಜನ ತಿಳಿದುಕೊಳ್ಳಲೇಬೇಕು. ಬೆಂಗಳೂರಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೋದವರು ಅಲ್ಲಿನ ದೊಡ್ಡ ಚರ್ಚಿನ ಗೇಟಿನ ಹತ್ತಿರ ನಿಂತು, ಇದು ನಮ್ಮದಲ್ಲ ಎಂದು ಹಿಂದಿರುಗಿದ್ದನ್ನು ಕೇಳಿದ್ದೇವೆ. ಒಂದು ಧರ್ಮಕೇಂದ್ರದ (ಪ್ಯಾರಿಷ್) ಸರಹದ್ದಿನಲ್ಲಿ ಮೂರು ತಿಂಗಳು ಇದ್ದರೆ, ಅಥವಾ ಮೂರು ತಿಂಗಳು ಇರಲೆಂದೇ ಬಂದರೆ, ಅಲ್ಲಿನ ಗುರುವೇ ನಿಮ್ಮ ಗುರು. ತಗಡಿನ ಶೆಡ್ಡಿನಲ್ಲಿದ್ದರೂ ಸರಿ, ಬಾಡಿಗೆ ಚೀಟಿ ಇಲ್ಲದಿದ್ದರೂ ಸರಿ. ಮಗುವಿನ ಜ್ಞಾನಸ್ನಾನವಿರಲಿ, ಸಾವಿನ ಪ್ರಾರ್ಥನೆಯಿರಲಿ, ಕೇಳುವುದು ನಿಮ್ಮ ಹಕ್ಕು.

ತಪ್ಪು ಕಲ್ಪನೆ: ಚರ್ಚು ಫಾದರದ್ದು, ದುಡ್ಡು ಬಿಷಪ್ಪರದ್ದು, ನಾವು ಕೂತು ಎದ್ದು ಬರುವವರು, ಕಾಣಿಕೆ ಇಲ್ಲದಿದ್ದರೆ ಸಂಸ್ಕಾರವೂ ಇಲ್ಲ.

ವಾಸ್ತವ: ಧರ್ಮಸಭೆ ಎಂದರೆ ದೇವರ ಜನ ಎಂದು 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿತು, ಕಟ್ಟಡ ಎಂದಲ್ಲ. ಫಾದರ್ ಬರಲಾಗದ ಭಾನುವಾರ ಉಪದೇಶಿಯೊಬ್ಬರು ಲಾಟೀನು ಹಚ್ಚಿ ಶುಭಸಂದೇಶ ಓದಿ ಹತ್ತು ಜನರನ್ನು ಪ್ರಾರ್ಥನೆಗೆ ಕೂಡಿಸಿದಾಗ ಅಲ್ಲಿ ಕೂಡಿರುವುದು ಧರ್ಮಸಭೆಯೇ. ಕಾಣಿಕೆಯ ವಿಷಯ ಇನ್ನೂ ಸ್ಪಷ್ಟ. ನಿಗದಿಯಾದ ಕಾಣಿಕೆಯ ಮೇಲೆ ಗುರು ಏನೂ ಕೇಳಕೂಡದು. ಬಡವರೆಂಬ ಕಾರಣಕ್ಕೆ ಯಾರಿಗೂ ಸಂಸ್ಕಾರ ತಪ್ಪಬಾರದು. ಏನೂ ಕೊಡಲಾಗದವರ ಹೆಸರಿನಲ್ಲೂ ಬಲಿಪೂಜೆ ಅರ್ಪಿಸಿರಿ ಎಂದು ಸಂಹಿತೆ ಗುರುಗಳನ್ನೇ ಕೇಳಿಕೊಳ್ಳುತ್ತದೆ.

ಪ್ರತಿ ಧರ್ಮಕೇಂದ್ರದಲ್ಲೂ ಜನರನ್ನೊಳಗೊಂಡ ಹಣಕಾಸು ಸಮಿತಿ ಇರಲೇಬೇಕು. ಜನ ಕೊಟ್ಟ ಕಾಣಿಕೆಯ ಲೆಕ್ಕ ಜನರಿಗೇ ಒಪ್ಪಿಸಬೇಕು. ನಿಮ್ಮ ಧರ್ಮಕೇಂದ್ರದಲ್ಲಿ ಆ ಸಮಿತಿ ಇದೆಯೇ, ಅದರಲ್ಲಿ ನಿಮ್ಮ ಓಣಿಯವರು ಯಾರಿದ್ದಾರೆ ಎಂದು ಬರುವ ಭಾನುವಾರ ಬಲಿಪೂಜೆ ಮುಗಿದ ಮೇಲೆ ಗೌರವದಿಂದ ಕೇಳಿ. ನೀವು ಕಥೋಲಿಕರಲ್ಲದಿದ್ದರೆ ಅದೇ ಭಾನುವಾರ ಒಳಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತು ನೋಡಿ. ಪರಮ ಪ್ರಸಾದವೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ನಿಮಗೆ ತಡೆಯಿಲ್ಲ.